ಕಾದ ದಿನ 131: ಜಗಳೂರು ತಾಲ್ಲೂಕಿನ ಒಂದು ಮನೆಯ ಕೆಲಸದ ಲೆಕ್ಕ

ನಮ್ಮಕ್ಕನ ಮನೆಯ ನಡುಮನೆ ಗೋಡೆಗೆ ಎರಡು ಕ್ಯಾಲೆಂಡರ್ ನೇತಾಡುತ್ತಿವೆ. ಒಂದು 2023ರದ್ದು, ಇನ್ನೊಂದು 2024ರದ್ದು. ಎರಡೂ ಹಳೆಯವು. ಎಸೆಯಲು ನಾನೇ ಬಿಟ್ಟಿಲ್ಲ. ಅದರ ಒಂದೊಂದು ತಾರೀಖಿನ ಮೇಲೂ ಗುರುತುಗಳಿವೆ. ಅಕ್ಕನದು ನೀಲಿ ಪೆನ್ನು, ಭಾವನದು ಕೆಂಪು, ಅವರ ಮಗನದು ಹಸಿರು. ಕೂಲಿ ಸಿಕ್ಕ ದಿನಕ್ಕೆ ಒಂದು ಸುತ್ತು. ಸ್ವಂತ ಹೊಲದಲ್ಲಿ ದುಡಿದ ದಿನಕ್ಕೆ ಒಂದು ಗೀಟು. ಕರೆದರೆ ಹೋಗಲು ತಯಾರಿದ್ದು, ಯಾರೂ ಕರೆಯದೆ ಹೋದ ದಿನಕ್ಕೆ ಒಂದು ಚುಕ್ಕೆ.

ನಾನು ಪದವಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುವವನು. 2023ರ ಬೇಸಿಗೆಯಲ್ಲಿ ನಿರುದ್ಯೋಗದ ಪಾಠ ನಡೆಯುತ್ತಿತ್ತು. ದೇಶದ ಹಳ್ಳಿಗಳಲ್ಲಿ ನಿರುದ್ಯೋಗ ನೂರಕ್ಕೆ ಮೂರರಷ್ಟು ಅಂತ ಬೋರ್ಡಿನ ಮೇಲೆ ಬರೆದೆ. ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತಳು. "ಸರ್, ಹಂಗಾದ್ರೆ ನೂರಕ್ಕೆ ತೊಂಬತ್ತೇಳು ಜನಕ್ಕೆ ಕೆಲಸ ಐತಾ? ನಮ್ಮೂರಲ್ಲಿ ಕಟ್ಟೆ ಮೇಲೆ ಕೂತಿರೋರೆಲ್ಲ ಯಾರು?" ಪುಸ್ತಕದಲ್ಲಿ ಇದ್ದ ಉತ್ತರ ಹೇಳಿದೆ. ಅವಳಿಗೆ ಸಮಾಧಾನ ಆಗಲಿಲ್ಲ. ನನಗೂ ಆಗಲಿಲ್ಲ. ಆ ಪ್ರಶ್ನೆಯನ್ನು ಹಿಡಿದುಕೊಂಡೇ ಅಕ್ಕನ ಮನೆಗೆ ಹೋಗಿ ಕ್ಯಾಲೆಂಡರ್ ಲೆಕ್ಕ ಶುರು ಮಾಡಿಸಿದೆ. 2023ರ ಜುಲೈ 1ರಿಂದ 2024ರ ಜೂನ್ 30ರವರೆಗೆ ಒಟ್ಟು 366 ದಿನ. ಕೇಂದ್ರ ಸರ್ಕಾರದ ಕಾರ್ಮಿಕ ಸಮೀಕ್ಷೆಯೂ, ಅಂದರೆ ಪಿಎಲ್‌ಎಫ್‌ಎಸ್ ಕೂಡ, ಜುಲೈನಿಂದ ಜೂನ್‌ವರೆಗಿನ ವರ್ಷವನ್ನೇ ಹಿಡಿಯುತ್ತಿತ್ತು. ಬೇಕೆಂದೇ ಅದೇ ವರ್ಷ ಆರಿಸಿಕೊಂಡೆ.

ಹೆಸರು ಹಾಕಬೇಡ ಅಂದಳು ಅಕ್ಕ. ಹಾಗಾಗಿ ಊರಿನ ಹೆಸರೂ ಇಲ್ಲ. ಜಗಳೂರು ತಾಲ್ಲೂಕಿನ ಒಂದು ಹಳ್ಳಿ ಅಂದುಕೊಳ್ಳಿ. ದಾವಣಗೆರೆಯಿಂದ ಬಸ್ಸಿನಲ್ಲಿ ಒಂದೂವರೆ ತಾಸು. ಮಳೆ ನಂಬಿದ ಮೂರು ಎಕರೆ, ಒಂದು ಎಮ್ಮೆ, ಎರಡು ಆಡು. ಮನೆಯಲ್ಲಿ 47ರ ಅಕ್ಕ, 54ರ ಭಾವ, ಭಾವನ ತಾಯಿ ಅಜ್ಜಿ, ಬಿ.ಕಾಂ ಮುಗಿಸಿದ 22ರ ಮಗ. ಇಪ್ಪತ್ತರ ಮಗಳು ಪಿಯುಸಿ ಮುಗಿಸಿ ಬೆಂಗಳೂರಿನ ಪೀಣ್ಯದ ಕಡೆ ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ.

ಶೇಂಗಾ ಇದ್ದಾಗ, ಮೆಕ್ಕೆಜೋಳ ಬಂದಾಗ

ಅಕ್ಕ ಮದುವೆಯಾಗಿ ಈ ಊರಿಗೆ ಬಂದಾಗ ಜಗಳೂರು ಇನ್ನೂ ಚಿತ್ರದುರ್ಗ ಜಿಲ್ಲೆಯಲ್ಲಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಈ ಕಡೆ ಬಂತು. ಆಗ ಊರ ಸುತ್ತ ಕಣ್ಣು ಹಾಯಿಸಿದ ಕಡೆಯೆಲ್ಲ ಶೇಂಗಾ. ಬೆಳೆದ ಕಾಯಿ ಚಳ್ಳಕೆರೆಯ ಎಣ್ಣೆ ಮಿಲ್ಲುಗಳಿಗೆ ಹೋಗುತ್ತಿತ್ತು.

ಶೇಂಗಾ ಅಂದರೆ ಹೆಣ್ಣಾಳುಗಳಿಗೆ ಕೆಲಸ. ಮೇ ತಿಂಗಳಲ್ಲೇ ಬಿತ್ತನೆ ಬೀಜಕ್ಕೆ ಕಾಯಿ ಸುಲಿಯೋದು ಶುರು. ಮನೆ ಮನೆಯ ಜಗಲಿ ಮೇಲೆ ಕೂತು, ಸೇರಿನ ಲೆಕ್ಕದಲ್ಲಿ ಸುಲಿಯುತ್ತಿದ್ದರು. ಬಿತ್ತಿದ ಮೇಲೆ ಎರಡು ಸಲ ಕಳೆ. ಅಕ್ಟೋಬರ್ ಹೊತ್ತಿಗೆ ಬಳ್ಳಿ ಕೀಳೋದು, ಆಮೇಲೆ ಕಾಯಿ ಬಿಡಿಸೋದು. ಕೊನೆಗೆ ಮಣ್ಣಲ್ಲಿ ಉಳಿದ ಕಾಯಿ ಆಯೋದು. ಅದು ಬಡವರ ಪಾಲು. "ಜೂನ್‌ನಾಗ ಹಿಡಿದ ಕುಡುಗೋಲು ದೀಪಾವಳಿ ದಾಟೋ ತನಕ ಕೆಳಗೆ ಇಟ್ಟಿರಲಿಲ್ಲ" ಅನ್ನುತ್ತಾಳೆ ಅಕ್ಕ. ಕೂಲಿ ಕಡಿಮೆ ಇತ್ತು, ಆ ಮಾತು ಬೇರೆ. ದಿನಗಳಿಗಂತೂ ಕೊರತೆ ಇರಲಿಲ್ಲ.

1994ರ ಬಳಿಕ ತಾಳೆ ಎಣ್ಣೆ ಆಮದು ಸಲೀಸಾಯಿತು. ಅಗ್ಗದ ಎಣ್ಣೆಯ ಮುಂದೆ ಶೇಂಗಾ ಎಣ್ಣೆ ನಿಲ್ಲುವುದು ಕಷ್ಟವಾಯಿತು. ಇತ್ತ ಮಳೆ ಕೈಕೊಟ್ಟ ವರ್ಷ ಬಿತ್ತಿದ ಬೀಜದ ದುಡ್ಡೂ ಹುಟ್ಟುತ್ತಿರಲಿಲ್ಲ, ಎಲೆಚುಕ್ಕೆ ರೋಗ ಬೇರೆ. ಅದೇ ಹೊತ್ತಿಗೆ ಕೋಳಿ ಮೇವಿಗೆ, ಸ್ಟಾರ್ಚ್ ಕಾರ್ಖಾನೆಗೆ ಮೆಕ್ಕೆಜೋಳ ಬೇಕಾಯಿತು. ದಾವಣಗೆರೆ ಮಾರುಕಟ್ಟೆ ಮೆಕ್ಕೆಜೋಳಕ್ಕೇ ಹೆಸರಾಯಿತು. ರೈತರು ಆ ಕಡೆ ತಿರುಗಿದರು. ಅದು ಅವರ ತಪ್ಪಲ್ಲ. ಭಾವನೂ ತಮ್ಮ ಮೂರು ಎಕರೆಯಲ್ಲಿ ಎರಡಕ್ಕೆ ಮೆಕ್ಕೆಜೋಳವನ್ನೇ ಹಾಕುತ್ತಾರೆ.

ಆದರೆ ಕೆಲಸದ ದಿನಗಳನ್ನು ಎಣಿಸಿ ನೋಡಿ. ಟ್ರ್ಯಾಕ್ಟರ್ ಬಂದು ಬಿತ್ತಿ ಹೋಗುತ್ತದೆ. ಕಳೆಗೆ ಔಷಧಿ ಹೊಡೆಯಲು ಒಬ್ಬ ಗಂಡಸು, ಬೆನ್ನಿಗೊಂದು ಕ್ಯಾನು, ಅರ್ಧ ದಿನ ಸಾಕು. ಅದೇ ಎಕರೆಗೆ ಮೊದಲು ಎಂಟು ಹತ್ತು ಹೆಂಗಸರು ಸಾಲು ಹಿಡಿದು ಕಳೆ ತೆಗೆಯುತ್ತಿದ್ದರು. ತೆನೆ ಮುರಿಯೋಕೆ ಮಾತ್ರ ಎರಡು ಮೂರು ದಿನ ಆಳು ಬೇಕು. ಒಕ್ಕಣೆ ಮಷಿನ್ನಿನದು. ಈಗೀಗ ಶೇಂಗಾಕ್ಕೂ ಕಾಯಿ ಬಿಡಿಸುವ ಮಷಿನ್ ಬಂದಿದೆ. ಹೋದದ್ದು ಜಾಸ್ತಿ ಹೆಂಗಸರ ಕೆಲಸವೇ. ಉಳಿದದ್ದರಲ್ಲಿ ಟ್ರ್ಯಾಕ್ಟರ್ ಓಡಿಸುವುದು, ಔಷಧಿ ಹೊಡೆಯುವುದು, ಚೀಲ ಹೊರುವುದು, ಇವು ಗಂಡಸರದ್ದು.

ಇಲ್ಲೊಂದು ವಿಚಿತ್ರ ಕೇಳಿಸುತ್ತದೆ. ಅದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಊರ ಕಟ್ಟೆಯಲ್ಲಿ ಕೂತರೆ ಹತ್ತು ಎಕರೆ ಇದ್ದವರು "ಆಳೇ ಸಿಗಲ್ಲ" ಅಂತ ಬೈಯುತ್ತಾರೆ. ಹಟ್ಟಿಯ ಕಡೆ ಹೋದರೆ "ಕೆಲಸವೇ ಇಲ್ಲ" ಅನ್ನುತ್ತಾರೆ. ಇಬ್ಬರೂ ನಿಜವನ್ನೇ ಹೇಳುತ್ತಿದ್ದಾರೆ. ಮಳೆ ಆಧಾರದ ಊರಲ್ಲಿ ಒಂದೇ ಹದಕ್ಕೆ ಎಲ್ಲರೂ ಬಿತ್ತುತ್ತಾರೆ. ಈರುಳ್ಳಿ ಕೊಯ್ಯೋದು, ತೆನೆ ಮುರಿಯೋದು ಎಲ್ಲರಿಗೂ ಒಂದೇ ವಾರ. ಆ ಹತ್ತು ದಿನ ಊರಿನ ಒಬ್ಬೊಬ್ಬ ಆಳಿಗೂ ಮೂರು ಮೂರು ಮನೆಯವರು ಬಾಗಿಲು ಬಡಿಯುತ್ತಾರೆ. ಹನ್ನೊಂದನೇ ದಿನ ಯಾರೂ ಬರುವುದಿಲ್ಲ. ಮೊದಲು ಶೇಂಗಾ, ಈರುಳ್ಳಿ, ಸಜ್ಜೆ, ನವಣೆ, ತೊಗರಿ ಅಂತ ಬೇರೆ ಬೇರೆ ಬೆಳೆಗಳ ಕೆಲಸ ಬೇರೆ ಬೇರೆ ತಿಂಗಳಿಗೆ ಹಂಚಿಹೋಗಿತ್ತು. ಈಗ ಅದು ಗುಂಪಾಗಿ ಬಂದು ಗುಂಪಾಗಿ ಹೋಗುತ್ತದೆ. "ಜನಕ್ಕೆ ದುಡಿಯೋ ಮನಸ್ಸಿಲ್ಲ, ಸರ್ಕಾರ ಎಲ್ಲ ಪುಕ್ಕಟೆ ಕೊಟ್ಟು ಸೋಮಾರಿ ಮಾಡಿದೆ" ಅನ್ನುವ ಮಾತು ನಮ್ಮ ಕಡೆ ತುಂಬಾ ಓಡಾಡುತ್ತದೆ. ಆ ಹನ್ನೊಂದನೇ ದಿನವನ್ನು ನೋಡದೆ ಆಡುವ ಮಾತು ಅದು. ಕೇಳಿದಾಗಲೆಲ್ಲ ನನಗೆ ನೋವಾಗುತ್ತದೆ.

ಆ ವರ್ಷ ನಡೆದದ್ದು

2023 ಬರದ ವರ್ಷ. ಆಗಸ್ಟ್‌ನಲ್ಲಿ ಮಳೆ ಮುಖ ತೋರಿಸಲಿಲ್ಲ. ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ 195 ತಾಲ್ಲೂಕುಗಳಲ್ಲಿ ಬರ ಎಂದು ಘೋಷಿಸಿತು. ಆಮೇಲೆ ಅದು 223ಕ್ಕೆ ಏರಿತು. ತುಂಗಭದ್ರಾ ನೀರಿನಿಂದ ನಮ್ಮ ತಾಲ್ಲೂಕಿನ 57 ಕೆರೆ ತುಂಬಿಸುವ ಯೋಜನೆ ಇದೆ. ಅದರ ಮೇಲೆ ಜನರ ಆಸೆ ದೊಡ್ಡದು. ಆದರೆ ಆ ವರ್ಷ ಅಕ್ಕನ ಹೊಲದ ಮೆಕ್ಕೆಜೋಳ ಮೊಣಕಾಲೆತ್ತರಕ್ಕೇ ಒಣಗಿ, ಎಮ್ಮೆಗೆ ಮೇವಾಯಿತು.

ಊರಲ್ಲಿ ಅಕ್ಕನಿಗೆ ಕಳೆ ತೆಗೆಯೋದು, ಈರುಳ್ಳಿ ಕೊಯ್ಯೋದು ಎಲ್ಲ ಸೇರಿ ಸಿಕ್ಕ ಕೂಲಿ ಬರೀ 22 ದಿನ. ಸೆಪ್ಟೆಂಬರ್ ಕೊನೆಗೆ ಊರಿನ ಹನ್ನೆರಡು ಹೆಂಗಸರ ಜೊತೆ ಚನ್ನಗಿರಿ ಕಡೆ ಅಡಿಕೆ ಸುಲಿಯಲು ಹೋದಳು. ಭದ್ರಾ ನೀರಿನ ಊರುಗಳು ಅವು. ಒಂದೇ ಜಿಲ್ಲೆ, ಎರಡು ಲೋಕ. ತೋಟ ಖೇಣಿ ಹಿಡಿದವರ, ಅಂದರೆ ಫಸಲು ಗುತ್ತಿಗೆ ಪಡೆದವರ, ಮನೆಯ ಶೆಡ್ಡಿನಲ್ಲೇ ವಾಸ. ಮೆಟ್ಟುಗತ್ತಿಯ ಮುಂದೆ ಬೆಳಗ್ಗೆ ಕೂತರೆ ರಾತ್ರಿ ಹತ್ತಾದರೂ ಏಳುವಂತಿಲ್ಲ, ಕಾಯಿ ಹಣ್ಣಾದರೆ ಮಾಲು ಕೆಡುತ್ತದೆ. ಕೆಜಿ ಲೆಕ್ಕದ ಕೂಲಿ, ಹಾಗಾಗಿ ಯಾರೂ ತಾವಾಗಿಯೇ ಏಳುವುದೂ ಇಲ್ಲ. 43 ದಿನ ಮಾಡಿದಳು. ಅಡಿಕೆ ಸಿಪ್ಪೆಯ ರಸಕ್ಕೆ ಬೆರಳು ಕಪ್ಪಾಗಿ ಬಿರುಕು ಬಿಟ್ಟಿತ್ತು. ದೀಪಾವಳಿಗೆ ಬಂದಾಗ ಅನ್ನ ಕಲಸಲು ಚಮಚ ಕೇಳಿದಳು. ಆ ಶೆಡ್ಡಿಗೆ ಈಗ ಸುಲಿಯುವ ಮಷಿನ್ ಬಂದಿದೆಯಂತೆ. ಮುಂದಿನ ವರ್ಷ ಅರ್ಧ ಜನ ಸಾಕು ಅಂತ ಮೇಸ್ತ್ರಿ ಹೇಳಿ ಕಳಿಸಿದ್ದ.

ಭಾವ ನವೆಂಬರ್ ಕೊನೆಗೆ ಮೂಡಿಗೆರೆ ಕಡೆ ಕಾಫಿ ಎಸ್ಟೇಟಿಗೆ ಹೋದರು. ಅವರಿಗೆ 61 ದಿನ ಹಣ್ಣು ಕೊಯ್ಯುವ ಕೆಲಸ, ಲೈನ್ ಮನೆಯಲ್ಲಿ ವಾಸ. ಮುಂಗಡ ತೆಗೆದುಕೊಂಡಿದ್ದರಿಂದ ನಡುವೆ ಒಮ್ಮೆ ಜ್ವರ ಬಂದಾಗಲೂ ಊರಿಗೆ ಬರಲಿಲ್ಲ.

ಅವರ ಅಪ್ಪನ ಕಾಲಕ್ಕೆ ದೂರ ಹೋಗಬೇಕಿರಲಿಲ್ಲ. ದಾವಣಗೆರೆಯಲ್ಲಿ ಹತ್ತಿ ಗಿರಣಿಗಳಿದ್ದವು. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದ ಊರು ಅದು. ಬೇಸಿಗೆಯಲ್ಲಿ ಗಿರಣಿಗೆ ಬದಲಿ ಆಳಾಗಿ ಹೋಗಿ, ಮಳೆ ಬಿದ್ದಾಗ ಹೊಲಕ್ಕೆ ಬರುತ್ತಿದ್ದರು ಆ ಅಜ್ಜ. ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಪಕ್ಕದ ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯೂ ನಿಂತಿತು. ಈಗ ದಾವಣಗೆರೆ ಅಂದರೆ ಮಂಡಕ್ಕಿ ಭಟ್ಟಿ, ಅಂಗಡಿ, ಆಸ್ಪತ್ರೆ, ಕಾಲೇಜು. ಹಳ್ಳಿಯ ಆಳಿಗೆ ಅಲ್ಲಿ ದಿನಗೂಲಿ ಉಂಟು. ದಿನಾ ಹೋಗಿ ಬರಲು ಬಸ್ ಚಾರ್ಜಿಗೇ ಕೂಲಿಯಲ್ಲಿ ಒಳ್ಳೆ ಪಾಲು ಹೋಗುತ್ತದೆ. 2023ರ ಜೂನ್‌ನಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಬಂತು, ನಿಜ. ಆದರೆ ನಮ್ಮ ಕಡೆ ಓಡುವುದು ಖಾಸಗಿ ಬಸ್ಸೇ ಜಾಸ್ತಿ. ಅಕ್ಕನ ಊರಿಗೆ ಬೆಳಗ್ಗೆ ಹೊತ್ತಿಗೆ ಸರಿಯಾಗಿ ಸರ್ಕಾರಿ ಬಸ್ ಇಲ್ಲ.

ಖಾತ್ರಿ ಕೆಲಸದ ರಶೀದಿ

ಉದ್ಯೋಗ ಖಾತ್ರಿ 2006ರ ಫೆಬ್ರುವರಿಯಲ್ಲಿ ದೇಶದ 200 ಜಿಲ್ಲೆಗಳಲ್ಲಿ ಮೊದಲು ಶುರುವಾದಾಗ ರಾಜ್ಯದ ಐದು ಜಿಲ್ಲೆಗಳು ಆ ಪಟ್ಟಿಯಲ್ಲಿದ್ದವು. ದಾವಣಗೆರೆ, ಚಿತ್ರದುರ್ಗ ಎರಡೂ ಅದರಲ್ಲಿ ಇದ್ದವು. ಈ ನೆಲದಲ್ಲಿ ಕೆಲಸದ ದಿನ ಕಡಿಮೆ ಅನ್ನುವುದು ಆಗಲೇ ಸರ್ಕಾರಕ್ಕೆ ಗೊತ್ತಿತ್ತು.

ಒಂದು ವಿಷಯ ಬಹಳ ಜನಕ್ಕೆ ತಿಳಿದಿಲ್ಲ. ಆಗಿನ ಕಾನೂನಿನಲ್ಲಿ ವರ್ಷಕ್ಕೆ ನೂರು ದಿನದ ಕೆಲಸ ಅಂತ ಇದ್ದದ್ದು ಒಂದು ಮನೆಗೆ, ಒಬ್ಬರಿಗಲ್ಲ. ಅಕ್ಕ 36 ದಿನ, ಭಾವ 31 ದಿನ ಮಾಡಿದರು. ಮನೆಗೆ ಒಟ್ಟು 67. ಆ ವರ್ಷ ಕೂಲಿ ದಿನಕ್ಕೆ 316 ರೂಪಾಯಿ, 2024ರ ಏಪ್ರಿಲ್‌ನಿಂದ 349. ಗಂಡಿಗೂ ಹೆಣ್ಣಿಗೂ ಒಂದೇ ಕೂಲಿ. ಊರಿನ ಹೊಲಗಳಲ್ಲಿ ಇಂದಿಗೂ ಹೆಣ್ಣಾಳಿಗೆ ಗಂಡಾಳಿಗಿಂತ ಕಡಿಮೆಯೇ. ಅಕ್ಕನಿಗೆ ಖಾತ್ರಿ ಕೆಲಸದ ಮೇಲೆ ಪ್ರೀತಿ ಅದಕ್ಕೇ. "ಅಲ್ಲಿ ಯಾರೂ ನನ್ನ ಅರ್ಧ ಆಳು ಅನ್ನಲ್ಲ" ಅಂದಳು.

ಉಳಿದ 33 ದಿನ ಯಾಕೆ ಸಿಗಲಿಲ್ಲ? ಡಿಸೆಂಬರ್‌ನಲ್ಲಿ ಬರದ ಊರಿಗೆ ಕೆಲಸ ತುಂಬಾ ಬೇಕಿತ್ತು. ಪಂಚಾಯಿತಿಗೆ ಹೋಗಿ ಕೇಳಿದರೆ "ಎನ್‌ಎಂಆರ್ ತೆಗೀತೀವಿ, ಹೇಳಿ ಕಳಿಸ್ತೀವಿ" ಅನ್ನುವ ಉತ್ತರ. ಎನ್‌ಎಂಆರ್ ಅಂದರೆ ಕೆಲಸಗಾರರ ಹಾಜರಿ ಪಟ್ಟಿ. ಐದು ವಾರ ಹೋಯಿತು. ಕಾನೂನಿನಲ್ಲಿ ಅರ್ಜಿ ಕೊಟ್ಟ 15 ದಿನದೊಳಗೆ ಕೆಲಸ ಕೊಡಬೇಕು, ಇಲ್ಲದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕು ಅಂತಿತ್ತು. ಆದರೆ ಬಾಯಿಮಾತಿನ ಅರ್ಜಿಗೆ ದಿನ ಎಣಿಸುವವರು ಯಾರು? ನಮೂನೆ 6ರಲ್ಲಿ ಬರೆದು ಕೊಟ್ಟು, ತಾರೀಖು ಹಾಕಿದ ರಶೀದಿ ಪಡೆದರೆ ಮಾತ್ರ 15 ದಿನದ ಗಡಿಯಾರ ಓಡಲು ಶುರು. ಜನವರಿಯಲ್ಲಿ ಮಹಿಳಾ ಸಂಘದ 18 ಹೆಂಗಸರು ಒಟ್ಟಿಗೆ ಹೋಗಿ ಅರ್ಜಿ ಕೊಟ್ಟರು. ರಶೀದಿ ಕೊಡುವವರೆಗೆ ಕದಲಲಿಲ್ಲ. ಹನ್ನೆರಡನೇ ದಿನ ಕೆರೆ ಹೂಳೆತ್ತುವ ಕೆಲಸ ಬಂತು. ಅಕ್ಕ ಆ ರಶೀದಿಯನ್ನು ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿದ್ದಾಳೆ.

ಕೆಲಸ ಬಂದ ಮೇಲೂ ತೊಂದರೆ ತಪ್ಪಲಿಲ್ಲ. 2023ರ ಜನವರಿಯಿಂದ ಹಾಜರಿಗೆ ಮೊಬೈಲ್ ಆಪ್ ಕಡ್ಡಾಯ. ದಿನಕ್ಕೆ ಎರಡು ಸಲ ಫೋಟೊ. ಕೆರೆ ಅಂಗಳದಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಹಾಜರಿ ತೆಗೆಯುವ ಕಾಯಕ ಬಂಧು ಹುಡುಗಿ ಮೊಬೈಲ್ ಹಿಡಿದು ಏರಿ ಮೇಲೆ ಓಡಾಡುತ್ತಿದ್ದಳು. ಎರಡು ದಿನ ಮಣ್ಣು ಹೊತ್ತದ್ದು ಹಾಜರಿಗೆ ಬರಲೇ ಇಲ್ಲ. ಕ್ಯಾಲೆಂಡರಿನಲ್ಲಿ ಆ ಎರಡು ದಿನಕ್ಕೆ ಯಾವ ಗುರುತು ಹಾಕಬೇಕು ಅಂತ ಅಕ್ಕ ನನಗೆ ಫೋನ್ ಮಾಡಿ ಕೇಳಿದ್ದಳು. ಗೀಟು ಹಾಕು ಅಂದೆ, ಪುಕ್ಕಟೆ ದುಡಿದ ಹಾಗೇ ಆಯಿತಲ್ಲ.

2025ರ ಡಿಸೆಂಬರ್‌ನಲ್ಲಿ ಸಂಸತ್ತು ಈ ಕಾಯ್ದೆಯ ಜಾಗಕ್ಕೆ ಹೊಸದನ್ನು ತಂದಿತು. ದಿನಗಳು 125ಕ್ಕೆ ಏರಿವೆ. ಖರ್ಚಿನಲ್ಲಿ ರಾಜ್ಯದ ಪಾಲು ನೂರಕ್ಕೆ 40ಕ್ಕೆ ಏರಿದೆ. ಬಿತ್ತನೆ, ಕೊಯ್ಲಿನ ಹೊತ್ತಿನಲ್ಲಿ ವರ್ಷಕ್ಕೆ ಒಟ್ಟು 60 ದಿನ ಈ ಕೆಲಸ ನಿಲ್ಲಿಸಲು ಅವಕಾಶ ಇದೆ, ರೈತರಿಗೆ ಆಳು ಸಿಗಲಿ ಅಂತ. ದಿನ ಹೆಚ್ಚಿದ್ದಕ್ಕೆ ನನಗೆ ಸಂತೋಷವೇ. ಆದರೆ 2023ರಂಥ ವರ್ಷದಲ್ಲಿ ಕೊಯ್ಲಿನ ತಿಂಗಳಲ್ಲಿ ಕೊಯ್ಯಲು ಏನೂ ಇರುವುದಿಲ್ಲ. ಆಗಲೂ 60 ದಿನ ನಿಲ್ಲಿಸಿದರೆ ಅಕ್ಕ ಎಲ್ಲಿಗೆ ಹೋಗಬೇಕು? ಬರ ಘೋಷಣೆಯಾದ ತಾಲ್ಲೂಕಿನಲ್ಲಿ ಆ ನಿಲುಗಡೆ ಇರಬಾರದು. ಇದು ನನ್ನ ಗಟ್ಟಿ ಅಭಿಪ್ರಾಯ.

ಕೂಡಿದಾಗ

ಜೂನ್ 30ರ ರಾತ್ರಿ ಮಗನೇ ಕೂತು ಎಲ್ಲ ಕೂಡಿದ.

ಅಕ್ಕನಿಗೆ ಕೂಲಿ ಸಿಕ್ಕಿದ್ದು 101 ದಿನ. ಸ್ವಂತ ಹೊಲದ ಕೆಲಸ 27. ಎರಡೂ ಸೇರಿ 128. ಚುಕ್ಕೆ ಇಟ್ಟ ದಿನ, ಅಂದರೆ ಕಾದ ದಿನ, 131. ಮಿಕ್ಕಿದ್ದು ಹಬ್ಬ, ಕಾಯಿಲೆ, ಮದುವೆ, ಸಾವು. ದುಡಿದದ್ದಕ್ಕಿಂತ ಕಾದದ್ದೇ ಮೂರು ದಿನ ಜಾಸ್ತಿ. ಎಮ್ಮೆ ಹಾಲು ಕರೆದು ಡೇರಿಗೆ ಹಾಕಿದ್ದು, ನೀರು ತಂದದ್ದು, ಅಡುಗೆ ಮಾಡಿದ್ದು ಇದರಲ್ಲಿ ಎಲ್ಲೂ ಇಲ್ಲ. ಅದಕ್ಕೆ ಗುರುತು ಹಾಕಿದ್ದರೆ ಒಂದು ದಿನವೂ ಖಾಲಿ ಇರುತ್ತಿರಲಿಲ್ಲ.

ಭಾವನಿಗೆ ಕಾಫಿ 61, ಖಾತ್ರಿ 31, ಊರಿನ ಕೂಲಿ 27, ಒಟ್ಟು 119. ಸ್ವಂತ ಹೊಲ 40. ಕಾದದ್ದು 118.

ಮಗ ಶಾಮಿಯಾನ ಅಂಗಡಿಯವರ ಜೊತೆ ಮದುವೆ ಸೀಸನ್‌ನಲ್ಲಿ 12 ದಿನ, ಹೊಲದಲ್ಲಿ ಅಪ್ಪನ ಜೊತೆ ಕೂಲಿ ಇಲ್ಲದೆ 33 ದಿನ. ಉಳಿದ ಹೊತ್ತೆಲ್ಲ ಜಗಳೂರಿನ ಲೈಬ್ರರಿಯಲ್ಲಿ ಸರ್ಕಾರಿ ಪರೀಕ್ಷೆಗೆ ಓದುತ್ತಿದ್ದ, ಅರ್ಜಿ ಹಾಕುತ್ತಿದ್ದ.

ಈಗ ಸಮೀಕ್ಷೆಯ ನಿಯಮ ಹಿಡಿದು ಈ ಮನೆಯನ್ನು ನೋಡೋಣ. ಇವರ ಮನೆಗೆ ಸಮೀಕ್ಷೆಯವರು ಬಂದಿರಲಿಲ್ಲ. ನಿಯಮವನ್ನು ಹೊಂದಿಸಿ ನೋಡಿದ್ದು ನಾನು. ವರ್ಷದ ಲೆಕ್ಕದಲ್ಲಿ 30 ದಿನ ಯಾವುದಾದರೂ ಕೆಲಸ ಮಾಡಿದ್ದರೆ, ಉಪ ಕೆಲಸವಾದರೂ ಸರಿ, ಅವರು ಉದ್ಯೋಗದಲ್ಲಿ ಇರುವವರು. ಮನೆಯ ಹೊಲದಲ್ಲಿ ಕೂಲಿ ಇಲ್ಲದೆ ದುಡಿದರೂ ಅದು ಉದ್ಯೋಗವೇ. ವಾರದ ಲೆಕ್ಕ ಇನ್ನೂ ಸಡಿಲ. ಹಿಂದಿನ ಏಳು ದಿನದಲ್ಲಿ ಒಂದು ದಿನ ಒಂದು ಗಂಟೆ ದುಡಿದಿದ್ದರೂ ಸಾಕು.

ಹಾಗಾಗಿ ಅಕ್ಕ ಉದ್ಯೋಗಿ. ಭಾವ ಉದ್ಯೋಗಿ. ಮಗನದು 45 ದಿನ, ಅವನೂ ಉದ್ಯೋಗಿ. ಎಮ್ಮೆ ಮೇಯಿಸುವ ಅಜ್ಜಿ ಡೇರಿಗೆ ಹಾಲು ಹಾಕುವ ಮನೆಯ ಸಹಾಯಕಿ, ಅವರೂ ಉದ್ಯೋಗಿ. ಮಗಳು ಆರು ತಿಂಗಳಿಗಿಂತ ಜಾಸ್ತಿ ಊರಲ್ಲಿ ಇಲ್ಲ, ಈ ಮನೆಯ ಲೆಕ್ಕಕ್ಕೇ ಬರುವುದಿಲ್ಲ. ಈ ಮನೆಯಲ್ಲಿ ನಿರುದ್ಯೋಗ ಸೊನ್ನೆ. 2023-24ರಲ್ಲಿ ದೇಶದ ಹಳ್ಳಿಗಳ ನಿರುದ್ಯೋಗ ನೂರಕ್ಕೆ 2.5 ಅಂತ ಬಂತಲ್ಲ, ಅದರಲ್ಲಿ ಇಂಥ ಮನೆಗಳು ಎಷ್ಟಿರಬಹುದು ಅಂತ ಯೋಚಿಸುತ್ತಾ ಕೂತೆ. ಅದೇ ಸಮೀಕ್ಷೆಯ ಪ್ರಕಾರ ದುಡಿಯುವ ಅಥವಾ ಕೆಲಸ ಹುಡುಕುವ ಹಳ್ಳಿ ಹೆಂಗಸರ ಪ್ರಮಾಣ 2017-18ರಲ್ಲಿ ನೂರಕ್ಕೆ 24.6 ಇತ್ತು, 2023-24ರಲ್ಲಿ 47.6. ಹೆಂಗಸರು ಕೆಲಸಕ್ಕೆ ಬಂದರು ಅಂತ ಪತ್ರಿಕೆಗಳು ಬರೆದವು. ಎಷ್ಟು ದಿನದ ಕೆಲಸ, ಯಾರು ಕೂಲಿ ಕೊಟ್ಟರು ಅನ್ನುವುದನ್ನೂ ಜೊತೆಗೆ ಕೇಳಬೇಕು, ಅಲ್ವಾ?

ಸಮೀಕ್ಷೆ ಸುಳ್ಳು ಹೇಳುತ್ತಿದೆ ಅಂತ ನಾನು ಅನ್ನುತ್ತಿಲ್ಲ. ಅದರ ನಿಯಮಗಳು ಬಹಿರಂಗವಾಗಿಯೇ ಇವೆ. ಕೆಲಸವೇ ಇಲ್ಲದವರನ್ನು ಎಣಿಸಲು ಮಾಡಿದ ಅಳತೆ ಅದು. ಹಳ್ಳಿಯಲ್ಲಿ ಕೆಲಸವೇ ಇಲ್ಲದೆ ಬದುಕುವುದು ಬಡವರಿಗೆ ಸಾಧ್ಯವೇ ಇಲ್ಲ. ಏನಾದರೂ ಮಾಡಲೇಬೇಕು. 1970ರಲ್ಲೇ ಸರ್ಕಾರ ನೇಮಿಸಿದ್ದ ದಾಂತ್‌ವಾಲಾ ಸಮಿತಿ ನಮ್ಮ ದೇಶದ ನಿರುದ್ಯೋಗವನ್ನು ಒಂದೇ ಅಂಕಿಯಲ್ಲಿ ಹಿಡಿಯಲು ಹೋಗಬೇಡಿ ಅಂದಿತ್ತು. ಹಿಂದಿನ ರಾಷ್ಟ್ರೀಯ ಮಾದರಿ ಸಮೀಕ್ಷೆಗಳಲ್ಲಿ ದಿನದ ಲೆಕ್ಕವನ್ನೂ ಕೊಡುತ್ತಿದ್ದರು. ಅರ್ಧ ದಿನ ದುಡಿದರೆ ಅರ್ಧ ದಿನ ಅಂತಲೇ ಬರೆಯುತ್ತಿದ್ದರು. ಅಕ್ಕನ 131 ಚುಕ್ಕೆ ಕಾಣುವುದು ಅಂಥ ಲೆಕ್ಕದಲ್ಲಿ ಮಾತ್ರ. ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರಿನಂಥ ತಾಲ್ಲೂಕುಗಳಿಗೆ ಆ ಲೆಕ್ಕ ಮತ್ತೆ ಬೇಕು.

ಮಗನದು ಇನ್ನೊಂದು ಕಥೆ. ಅವನು ಪಾಸಾದದ್ದು 2023ರಲ್ಲಿ. ರಾಜ್ಯದ ಯುವನಿಧಿ ಆ ಸಾಲಿನಲ್ಲಿ ಪದವಿ ಮುಗಿಸಿ 180 ದಿನ ಕೆಲಸ ಸಿಗದವರಿಗೆ ತಿಂಗಳಿಗೆ 3,000 ರೂಪಾಯಿ ಕೊಡುತ್ತಿತ್ತು, ಹೆಚ್ಚೆಂದರೆ ಎರಡು ವರ್ಷ. ಅವನಿಗೂ ಬಂತು. ಕೇಂದ್ರದ ನಿಯಮದಲ್ಲಿ ಉದ್ಯೋಗಿ, ರಾಜ್ಯದ ನಿಯಮದಲ್ಲಿ ನಿರುದ್ಯೋಗಿ, ಒಂದೇ ಹುಡುಗ. ಅವನನ್ನು ಕೇಳಿದೆ, ನೀನು ಯಾವುದು ಅಂತ. "ಮಾಮ, ಸಂಬಂಧ ನೋಡೋಕೆ ಬಂದೋರು ಹುಡುಗ ಏನ್ ಮಾಡ್ತಾನೆ ಅಂತ ಅಕ್ಕಪಕ್ಕ ವಿಚಾರಿಸ್ತಾರೆ. ಆಗ ಅಮ್ಮ ಏನೂ ಮಾತಾಡಲ್ಲ" ಅಂದ. ಆಮೇಲೆ ನಾನು ಮತ್ತೆ ಕೇಳಲಿಲ್ಲ.

ಇಡೀ ಮನೆಯಲ್ಲಿ ವರ್ಷಪೂರ್ತಿ ತಿಂಗಳ ಸಂಬಳ ತಂದದ್ದು ಲೆಕ್ಕಕ್ಕೇ ಬಾರದ ಮಗಳೊಬ್ಬಳೇ. ಕೈಗೆ ಹನ್ನೊಂದು ಸಾವಿರದ ಹತ್ತಿರ. ಆರು ಹುಡುಗಿಯರು ಸೇರಿ ಒಂದು ರೂಮು. ತಿಂಗಳಿಗೆ ನಾಲ್ಕು ಸಾವಿರ ಮನೆಗೆ ಕಳಿಸುತ್ತಾಳೆ. ಎಮ್ಮೆ ತಂದದ್ದು ಅವಳ ದುಡ್ಡಿನಲ್ಲಿ.

2024ರ ಮುಂಗಾರು ಚೆನ್ನಾಗಿ ಆಯಿತು. ಭಾವ ಎರಡು ಎಕರೆ ಮೆಕ್ಕೆಜೋಳದಲ್ಲಿ ಒಂದು ಎಕರೆ ಕಳೆದು ಮತ್ತೆ ಶೇಂಗಾ ಹಾಕಿದರು. ಬೀಜದ ಕಾಯಿ ಸುಲಿಯಲು ಅಕ್ಕ ನೆರೆಯ ನಾಲ್ಕು ಹೆಂಗಸರನ್ನು ಕರೆದಳು, ಕೂಲಿ ಕೊಟ್ಟೇ. ಮುಯ್ಯಾಳು (ಆಳಿಗೆ ಬದಲು ಆಳು) ಬೇಡ, ಎಲ್ಲರಿಗೂ ದುಡ್ಡಿನ ಅಗತ್ಯ ಇದೆ ಅಂದಳು. ಮಗ ಯುವನಿಧಿ ಮುಗಿಯುವ ಮೊದಲೇ ಡಾಬಸ್‌ಪೇಟೆಯ ಒಂದು ಗೋದಾಮಿಗೆ ಸೇರಿದ, ರಾತ್ರಿ ಪಾಳಿ. ಅಡಿಕೆ ಶೆಡ್ಡಿನಿಂದ ಆ ವರ್ಷ ಕರೆ ಬಂದದ್ದು ಐದು ಜನಕ್ಕೆ. ಅಕ್ಕನ ಹೆಸರು ಅದರಲ್ಲಿ ಇರಲಿಲ್ಲ. ನವೆಂಬರ್ ಮೊದಲ ವಾರ ಅವಳು ಸಂಘದ ಹೆಂಗಸರನ್ನು ಕೂಡಿಸಿಕೊಂಡು ಪಂಚಾಯಿತಿಗೆ ಹೋಗಿ ನಮೂನೆ 6 ಕೊಟ್ಟು, ರಶೀದಿ ತೆಗೆದುಕೊಂಡು ಬಂದಳು.